ನಾರಿನ ಧಣಿಗೆ ರಕ್ಷಣೆ, ನೇಕಾರನಿಗೆ?

ಹಬ್ಬಕ್ಕೋ ಮದುವೆಗೋ ಬಟ್ಟೆ ಕೊಳ್ಳಲು ಹೋಗುವ ನಮ್ಮ ಕುಟುಂಬಗಳು ಏರಿದ ಬೆಲೆಯನ್ನು ಕಂಡು ಅಂಗಡಿಯವನೊಂದಿಗೆ ಚೌಕಾಶಿಗಿಳಿಯುತ್ತವೆ. ಅಂಗಡಿಯವನು ಸಗಟು ವ್ಯಾಪಾರಿಯನ್ನು ತೋರಿಸುತ್ತಾನೆ. ಸಗಟು ವ್ಯಾಪಾರಿ ಮಗ್ಗದ ಮಾಲಕನನ್ನು ದೂರುತ್ತಾನೆ. ಮಗ್ಗದ ಮಾಲಕ ನೂಲಿನ ದರ ಹೇಳುತ್ತಾನೆ, ನೂಲಿನ ಗಿರಣಿಯವನು ನಾರಿನ ದರ ಹೇಳುತ್ತಾನೆ. ದೂರಿನ ಈ ಸರಣಿ ಅಲ್ಲಿಗೆ ನಿಂತು ಬಿಡುತ್ತದೆ. ನಾರಿನ ದರದ ಹಿಂದೆ ದಿಲ್ಲಿಯ ಸರಕಾರಿ ಕಛೇರಿಯೊಂದರ ಕಡತಕ್ಕೂ ಪಾಲಿರಬಹುದೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದೇ ಇಲ್ಲ. ತಿಳಿಯದಿರುವುದು ನಮ್ಮ ತಪ್ಪೂ ಅಲ್ಲ. ಏಕೆಂದರೆ ಆ ಕಡತ ನಮಗಾಗಿ ತೆರೆದದ್ದಲ್ಲ.

ವಾಣಿಜ್ಯ ಸಚಿವಾಲಯದ ಅಧೀನದಲ್ಲಿರುವ ಈ ಕಛೇರಿಯನ್ನು 2018ರಿಂದ ವಾಣಿಜ್ಯ ಪರಿಹಾರಗಳ ಮಹಾನಿರ್ದೇಶನಾಲಯವೆಂದು ಕರೆಯಲಾಗುತ್ತಿದೆ. ವಿದೇಶದ ಉತ್ಪಾದಕನೊಬ್ಬ ತನ್ನ ನಾಡಿನಲ್ಲಿ ಮಾರುವ ದರಕ್ಕಿಂತ ಕಡಿಮೆ ದರಕ್ಕೆ ಸರಕನ್ನು ಇಲ್ಲಿ ತಂದು ಸುರಿದರೆ ಅದನ್ನು ಡಂಪಿಂಗ್ ಎನ್ನುತ್ತಾರೆ. ಅದರಿಂದ ಇಲ್ಲಿಯ ಉತ್ಪಾದಕರಿಗೆ ಹಾನಿಯಾಗಿದೆಯೆಂದು ತನಿಖೆಯಲ್ಲಿ ಕಂಡು ಬಂದರೆ ಆ ಸರಕಿನ ಮೇಲೆ ಹೆಚ್ಚುವರಿ ಸುಂಕ ಹೇರಲು ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ ಅವಕಾಶ ನೀಡುತ್ತದೆ. ನಿರ್ದೇಶನಾಲಯ ತನಿಖೆ ನಡೆಸಿ ಶಿಫಾರಸು ಮಾಡುತ್ತದೆ, ಹಣಕಾಸು ಸಚಿವಾಲಯ ಸುಂಕ ವಿಧಿಸುತ್ತದೆ. ಸುಂಕದ ಅವಧಿ 5 ವರ್ಷ. ಅವಧಿ ಮುಗಿಯುವ ಹೊತ್ತಿಗೆ ಮರುಪರಿಶೀಲನೆ ನಡೆಸಿ ಮತ್ತೆ ಮುಂದುವರಿಸಬಹುದು. 1992ರಲ್ಲಿ ಪಿವಿಸಿ ರಾಳದ ಮೇಲೆ ಮೊದಲ ತನಿಖೆ ನಡೆಸಿದ ಭಾರತ, 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸ್ಥಾಪನೆಯಾದಂದಿನಿಂದ ಜಗತ್ತಿನಲ್ಲಿಯೇ ಅತಿ ಹೆಚ್ಚು ಇಂತಹ ತನಿಖೆಗಳನ್ನು ಆರಂಭಿಸಿದ ದೇಶವಾಗಿದೆ.

ಈ ಕಾನೂನೇ ಬೇಡವೆಂದು ನಾವು ಹೇಳುವುದಿಲ್ಲ. ಹೊರಗಿನ ದೈತ್ಯ ಕಂಪೆನಿಯೊಂದು ನಷ್ಟಕ್ಕೆ ಸರಕು ಮಾರಿ ಇಲ್ಲಿಯ ಕಾರ್ಖಾನೆಗಳನ್ನು ಮುಚ್ಚಿಸಿ, ಆ ಬಳಿಕ ಮನಬಂದ ಬೆಲೆ ವಸೂಲು ಮಾಡುವುದನ್ನು ತಡೆಯಲೇಬೇಕು. ಹೊಲಕ್ಕೆ ಬೇಲಿ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬೇಲಿಯೇ ಎದ್ದು ಹೊಲ ಮೇಯತೊಡಗಿದರೆ ಗತಿಯೇನು? ನಮ್ಮ ತಕರಾರು ಇರುವುದು ಇಲ್ಲಿಯೇ.

ವಿಸ್ಕೋಸ್ ನಾರಿನ ಕಥೆಯನ್ನೇ ನೋಡೋಣ. ಮರದ ತಿರುಳಿನಿಂದ ಕಾರ್ಖಾನೆಯಲ್ಲಿ ತಯಾರಾಗುವ ಈ ಕೃತಕ ನಾರಿನಿಂದಲೇ ನಮ್ಮ ಮನೆಯ ಹೆಣ್ಣು ಮಕ್ಕಳು ಉಡುವ ರೇಯಾನ್ ಕುರ್ತಿ, ನೈಟಿಗಳ ಬಟ್ಟೆ ನೇಯಲ್ಪಡುತ್ತದೆ. ಭಾರತದಲ್ಲಿ ಇದನ್ನು ತಯಾರಿಸುವ ಏಕೈಕ ಕಂಪೆನಿಯಾಗಿ ದಶಕಗಳ ಕಾಲ ಮೆರೆದದ್ದು ಗ್ರಾಸಿಮ್. 2010ರ ಜುಲೈಯಲ್ಲಿ ಚೀನಾ ಮತ್ತು ಇಂಡೋನೇಷ್ಯಾದ ವಿಸ್ಕೋಸ್ ನಾರಿನ ಮೇಲೆ ಕೇಂದ್ರ ಸರಕಾರ ಡಂಪಿಂಗ್ ವಿರೋಧಿ ಸುಂಕ ಹೇರಿತು. 2016ರ ಆಗಸ್ಟ್‌ನಲ್ಲಿ ಅದನ್ನು ಮತ್ತೆ 5 ವರ್ಷಗಳಿಗೆ ವಿಸ್ತರಿಸಲಾಯಿತು. ಆಗ ಸುಂಕದ ಗರಿಷ್ಠ ದರ ಕಿಲೋ ಒಂದಕ್ಕೆ ಸುಮಾರು ಅರ್ಧ ಡಾಲರ್. ಅದು ಕೊನೆಗೊಂಡದ್ದು 2021ರ ಆಗಸ್ಟ್‌ನಲ್ಲಿ. ಅಂದರೆ 11 ವರ್ಷಗಳ ಕಾಲ ಈ ನಾಡಿನ ನೂಲಿನ ಗಿರಣಿಗಳ ಮುಂದೆ ಎರಡೇ ದಾರಿಗಳಿದ್ದವು. ಇರುವ ಒಬ್ಬನೇ ಉತ್ಪಾದಕನಿಂದ ಅವನು ಹೇಳಿದ ದರಕ್ಕೆ ಕೊಳ್ಳಬೇಕು, ಇಲ್ಲವೇ ಸುಂಕ ತೆತ್ತು ಹೊರಗಿನಿಂದ ತರಿಸಿಕೊಳ್ಳಬೇಕು.

ಒಬ್ಬನೇ ಮಾರಾಟಗಾರನಿರುವ ಪೇಟೆಗೆ ಸರಕಾರವೇ ಕಾವಲು ನಿಂತರೆ ಏನಾಗುತ್ತದೆ ಎಂಬುದಕ್ಕೆ ಸರಕಾರದ ಇನ್ನೊಂದು ಸಂಸ್ಥೆಯೇ ಉತ್ತರ ನೀಡಿದೆ. 2020ರ ಮಾರ್ಚ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಇದೇ ಕಂಪೆನಿ ಇದೇ ನಾರಿನ ಪೇಟೆಯಲ್ಲಿ ತನ್ನ ಪ್ರಾಬಲ್ಯವನ್ನು ದುರುಪಯೋಗ ಮಾಡಿಕೊಂಡಿದೆಯೆಂದು ತೀರ್ಮಾನಿಸಿ 301.61 ಕೋಟಿ ರೂಪಾಯಿ ದಂಡ ವಿಧಿಸಿತು. ಒಂದು ಗಿರಣಿಗೆ ಒಂದು ದರ, ಇನ್ನೊಂದಕ್ಕೆ ಇನ್ನೊಂದು ದರ. ಸಾಲದೆಂಬಂತೆ ಕೊಂಡ ನಾರನ್ನು ಎಷ್ಟು ಬಳಸಿದಿರೆಂಬ ಲೆಕ್ಕವನ್ನೂ ಗಿರಣಿಗಳು ಒಪ್ಪಿಸಬೇಕು. ಇವು ಆಯೋಗ ಎತ್ತಿ ಹಿಡಿದ ಆರೋಪಗಳು. ಕಂಪೆನಿ ಇವನ್ನು ಅಲ್ಲಗಳೆದು ಮೇಲ್ಮನವಿಯ ಹಾದಿ ಹಿಡಿಯಿತು, ಅದು ಅದರ ಹಕ್ಕು. ಆದರೆ ನಮ್ಮ ಪ್ರಶ್ನೆ ಕಂಪೆನಿಗಲ್ಲ, ಸರಕಾರಕ್ಕೆ. ಒಂದು ಕೈಯಿಂದ ದಂಡ ವಿಧಿಸುತ್ತಿದ್ದ ಸಮಯದಲ್ಲಿಯೇ ಇನ್ನೊಂದು ಕೈಯಿಂದ ಸುಂಕದ ಕೊಡೆ ಹಿಡಿದು ನಿಂತದ್ದೇಕೆ? ಆ ದಂಡದ ಬಳಿಕವೂ ಕೊಡೆ ಮಡಚಲು ಒಂದೂವರೆ ವರ್ಷ ಬೇಕಾಯಿತೇಕೆ?

ಇದನ್ನು ಅಧಿಕಾರಿಗಳ ಅಚಾತುರ್ಯವೆಂದು ತಳ್ಳಿ ಹಾಕುವಂತಿಲ್ಲ. ದೋಷ ನಿಯಮಗಳಲ್ಲಿಯೇ ಇದೆ. ತನಿಖೆಗಾಗಿ ಅರ್ಜಿ ಸಲ್ಲಿಸುವವನು ದೇಶೀಯ ಉತ್ಪಾದಕ. ಒಟ್ಟು ಉತ್ಪಾದನೆಯ ಶೇ. 25ರಷ್ಟಾದರೂ ಅರ್ಜಿಯ ಬೆನ್ನಿಗಿರಬೇಕೆಂಬ ನಿಯಮವಿದೆ. ಇಡೀ ಉತ್ಪಾದನೆ ಒಬ್ಬನದೇ ಆಗಿದ್ದರೆ ಅವನೊಬ್ಬನೇ ‘ದೇಶೀಯ ಉದ್ಯಮ’ ಎನಿಸಿಕೊಳ್ಳುತ್ತಾನೆ. ಹಾನಿಯನ್ನು ಅಳೆಯುವಾಗ ಅವನ ಮಾರಾಟ, ಲಾಭ, ಹೂಡಿಕೆಯ ಪ್ರತಿಫಲಗಳ ಲೆಕ್ಕ ಹಾಕಲಾಗುತ್ತದೆ. ಅವನಿಗೆ ಹಾನಿ ತಟ್ಟದ ನ್ಯಾಯವಾದ ದರವನ್ನು ಗೊತ್ತು ಮಾಡುವಾಗ ಹೂಡಿದ ಬಂಡವಾಳದ ಮೇಲೆ ಶೇ. 22ರಷ್ಟು ಪ್ರತಿಫಲವನ್ನು ಸೇರಿಸುವುದು ನಿರ್ದೇಶನಾಲಯ ದೀರ್ಘಕಾಲ ಪಾಲಿಸಿಕೊಂಡು ಬಂದ ರೂಢಿ. ಬಡ್ಡಿ ಮತ್ತು ತೆರಿಗೆ ಅದರಲ್ಲಿಯೇ ಸೇರಿದೆಯೆಂದು ಸಮರ್ಥಿಸುವವರಿದ್ದಾರೆ. ಇರಲಿ. ಸಾಲ ಮಾಡಿ ನಾಲ್ಕು ಮಗ್ಗ ಹಾಕಿಕೊಂಡ ನೇಕಾರನಿಗೆ ಇಷ್ಟು ಪ್ರತಿಫಲ ಸಿಗಲೇಬೇಕೆಂದು ಯಾವ ಕಛೇರಿ ಲೆಕ್ಕ ಹಾಕಿದೆ? ಮೀಟರಿಗಿಷ್ಟು ಎಂದು ಕೂಲಿ ಪಡೆಯುವವನ ನಷ್ಟವನ್ನು ಅಳೆಯುವ ಕೋಷ್ಟಕ ಯಾವ ಕಡತದಲ್ಲಿದೆ?

ಇನ್ನು ಬಟ್ಟೆ ಉಡುವವರ ಸ್ಥಿತಿಯನ್ನು ನೋಡೋಣ. ಸರಕನ್ನು ಬಳಸುವ ಉದ್ಯಮಗಳಿಗೆ ಮಾಹಿತಿ ಸಲ್ಲಿಸುವ ಅವಕಾಶವನ್ನು 1995ರ ನಿಯಮಗಳು ನೀಡುತ್ತವೆ. ಬಳಕೆದಾರರ ಸಂಘಟನೆಗಳಿಗೂ ಅವಕಾಶವುಂಟು. ಆದರೆ ಒಂದು ಶರತ್ತಿದೆ. ಆ ಸರಕು ಸಾಮಾನ್ಯವಾಗಿ ಚಿಲ್ಲರೆ ಪೇಟೆಯಲ್ಲಿ ಮಾರಾಟವಾಗುವಂಥದ್ದಾಗಿರಬೇಕು! ನಾರನ್ನು ಯಾರಾದರೂ ಚಿಲ್ಲರೆ ಅಂಗಡಿಯಲ್ಲಿ ಕೊಳ್ಳುವುದುಂಟೇ? ಅದು ನೂಲಾಗಿ, ಬಟ್ಟೆಯಾಗಿ, ಉಡುಪಾಗಿಯೇ ನಮ್ಮ ಮನೆ ಸೇರುತ್ತದೆ. ಹೀಗೆ ಸುಂಕದ ಭಾರ ಕೊನೆಗೆ ಯಾರ ಹೆಗಲೇರುತ್ತದೋ ಅವರಿಗೆ ಮಾತಾಡುವ ಹಕ್ಕಿಲ್ಲ. ಉಡುವವರಿಗೆ ಹಕ್ಕಿಲ್ಲ. ನೇಯುವವರಿಗೆ ಹಕ್ಕಿದ್ದರೂ ಬಾಯಿಲ್ಲ. ಭಿವಂಡಿ, ಮಾಲೆಗಾಂವ್‌ಗಳ ವಿದ್ಯುತ್ ಮಗ್ಗದವರು, ಈರೋಡಿನ ರೇಯಾನ್ ನೇಕಾರರು, ಕೃತಕ ರೇಷ್ಮೆಯ ಸೀರೆ ನೇಯುವ ನಮ್ಮ ದೊಡ್ಡಬಳ್ಳಾಪುರದವರು ಇಂಗ್ಲಿಷಿನ ಪ್ರಶ್ನಾವಳಿ ತುಂಬಿ, ವಕೀಲರನ್ನಿಟ್ಟುಕೊಂಡು, ಗಡುವಿನೊಳಗೆ ದಿಲ್ಲಿಗೆ ಹೋಗಿ ವಾದಿಸಬಲ್ಲರೇ? ಒಂದು ವೇಳೆ ಹೋದರೂ ಅರ್ಜಿದಾರನ ವೆಚ್ಚ ಮತ್ತು ಲಾಭದ ಮುಖ್ಯ ಅಂಕಿಅಂಶಗಳು ಗೋಪ್ಯವೆಂಬ ಮುದ್ರೆಯೊಂದಿಗೆ ಅವರಿಗೆ ಕಾಣದಂತಿರುತ್ತವೆ. ಎದುರಾಳಿಯ ಲೆಕ್ಕಪುಸ್ತಕವನ್ನು ನೋಡದೆ ಅದರ ತಪ್ಪನ್ನು ತೋರಿಸೆಂದರೆ ಹೇಗೆ?

ದೊಡ್ಡ ಬಂಡವಾಳಕ್ಕೆ ಡಂಪಿಂಗ್ ಎಂಬುದು ತತ್ವದ ಪ್ರಶ್ನೆಯಲ್ಲ, ಅನುಕೂಲದ ಪ್ರಶ್ನೆ. 2018ರಲ್ಲಿ ಅಮೆರಿಕವು ಪಾಲಿಯೆಸ್ಟರ್ ನಾರಿನ ಮೇಲೆ ಇಂತಹುದೇ ಸುಂಕ ಹೇರಿದಾಗ ಚೀನಾ, ಕೊರಿಯಾ, ತೈವಾನ್‌ಗಳ ಜೊತೆಗೆ ಆರೋಪಿಯ ಸ್ಥಾನದಲ್ಲಿ ನಿಂತದ್ದು ಭಾರತ. ಅಲ್ಲಿ ನಮ್ಮ ಕಂಪೆನಿಗಳು ನಾವು ಕಡಿಮೆ ದರಕ್ಕೆ ಸುರಿದಿಲ್ಲವೆಂದು ವಾದಿಸಿದವು. ಇತ್ತ ಅದೇ ಪಾಲಿಯೆಸ್ಟರಿನ ಕಚ್ಚಾವಸ್ತುವಾದ ಪಿಟಿಎ ರಾಸಾಯನಿಕದ ಮೇಲೆ 2014ರಿಂದಲೇ ಡಂಪಿಂಗ್ ವಿರೋಧಿ ಸುಂಕ ಜಾರಿಯಲ್ಲಿತ್ತು. ಬೆರಳೆಣಿಕೆಯ ದೊಡ್ಡ ಉತ್ಪಾದಕರಿಗಾಗಿ ಹೇರಿದ ಆ ಸುಂಕವನ್ನು 2020ರ ಬಜೆಟ್‌ನಲ್ಲಿ ಸಚಿವೆ ನಿರ್ಮಲಾ ಸೀತಾರಾಮನ್ ಸಾರ್ವಜನಿಕ ಹಿತದೃಷ್ಟಿಯಿಂದ ರದ್ದುಗೊಳಿಸುತ್ತಿರುವುದಾಗಿ ಪ್ರಕಟಿಸಿದರು. ಜವಳಿ ಉದ್ಯಮ ದೊಡ್ಡ ಪ್ರಮಾಣದಲ್ಲಿ ಉದ್ಯೋಗ ನೀಡುತ್ತದೆ, ಅದಕ್ಕೆ ಈ ವಸ್ತು ಸ್ಪರ್ಧಾತ್ಮಕ ದರದಲ್ಲಿ ಸಿಗಬೇಕೆಂಬುದು ಅವರು ನೀಡಿದ ಕಾರಣ. ಸ್ವಾಗತಾರ್ಹವೇ. ಆದರೆ ಸಾರ್ವಜನಿಕ ಹಿತವೆಂಬುದು ಸುಂಕ ತೆಗೆಯುವ ದಿನ ಮಾತ್ರ ನೆನಪಾಗುವುದೇಕೆ? ಹೇರುವ ದಿನ ಸಾರ್ವಜನಿಕರು ಇರಲಿಲ್ಲವೇ?

ಸುಂಕವನ್ನು ಸಮರ್ಥಿಸುವವರು ಸ್ವಾವಲಂಬನೆಯ ಮಾತೆತ್ತುತ್ತಾರೆ. ನಾರಿನ ವಿಷಯದಲ್ಲಿ ಆ ಮಾತಿನ ಬಂಡವಾಳ ಬೇಗನೆ ಬಯಲಾಗುತ್ತದೆ. ಬಾಂಗ್ಲಾದೇಶದ ಸಿದ್ಧ ಉಡುಪುಗಳಿಗೆ 2011ರಲ್ಲಿ ಭಾರತ ಸುಂಕರಹಿತ ಪ್ರವೇಶ ನೀಡಿತು. ಅಲ್ಲಿಯ ಹೊಲಿಗೆ ಕಾರ್ಖಾನೆಗಳು ಚೀನಾದ ಬಟ್ಟೆಯನ್ನು ಧಾರಾಳವಾಗಿ ಬಳಸುತ್ತವೆ. ಚೀನಾದ ನಾರು ನಾರಾಗಿ ಬಂದರೆ ದೇಶಕ್ಕೆ ಅಪಾಯ, ಅಂಗಿಯಾಗಿ ಬಂದರೆ ಅಪಾಯವಿಲ್ಲವೆಂಬುದು ಇದೆಂಥ ಸ್ವಾವಲಂಬನೆ? ನಾರಿಗೆ ತಡೆ ಹಾಕಿದಾಗ ಉಳಿಯುವುದು ಯಂತ್ರಗಳೇ ದುಡಿಯುವ ಕಾರ್ಖಾನೆಯ ಲಾಭ. ಹೋಗುವುದು ನೂಲುವ, ನೇಯುವ, ಹೊಲಿಯುವ ಕೈಗಳ ಕೆಲಸ.

ಇನ್ನೊಂದು ವಾದವು ನಾರಿನ ಕಾರ್ಖಾನೆಗಳ ಕಾರ್ಮಿಕರದು. ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹರಿಹರದ ಸಮೀಪ ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ ಇದೇ ಕಂಪೆನಿಯ ತಿರುಳು ಮತ್ತು ನಾರಿನ ಕಾರ್ಖಾನೆಗಳಿವೆ. ಅವುಗಳನ್ನು ನಂಬಿದ ಕುಟುಂಬಗಳಿವೆ. ಆದರೆ ಹಾನಿಯೆಂದರೆ ಯಾರ ಹಾನಿ ಎಂಬ ಪ್ರಶ್ನೆಯನ್ನು ಈ ನಾಡಿನ ಜನ ಅದೇ ನದಿದಂಡೆಯಲ್ಲಿ ಹಿಂದೊಮ್ಮೆ ಕೇಳಿದ್ದರೆಂಬುದನ್ನು ಮರೆಯಬಾರದು. ಕಾರ್ಖಾನೆಯ ತ್ಯಾಜ್ಯದಿಂದ ನದಿ ಕೆಡುತ್ತಿದೆಯೆಂದು ಆ ಭಾಗದ ಜನ ಹೋರಾಟಕ್ಕಿಳಿದಿದ್ದರು. 1984ರಲ್ಲಿ ಸರಕಾರವು ಆ ಕಂಪೆನಿಯೊಂದಿಗೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಸಂಸ್ಥೆಯನ್ನು ಕಟ್ಟಿ, ದನ ಮೇಯುತ್ತಿದ್ದ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟಿತು. ಶಿವರಾಮ ಕಾರಂತರು ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯೋಗದ ಗಿಡಗಳನ್ನು ನೆಟ್ಟರು. ಆ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹದ ಬಳಿಕ ಸರಕಾರ ಆ ಜಂಟಿ ಸಂಸ್ಥೆಯನ್ನು ಮುಚ್ಚಬೇಕಾಯಿತು. ಅಂದು ಜನರ ನಷ್ಟ ಲೆಕ್ಕಕ್ಕೆ ಬಂದದ್ದು ಅವರು ತಾವಾಗಿಯೇ ಎದ್ದು ನಿಂತದ್ದರಿಂದ. ಸರಕಾರದ ಲೆಕ್ಕದಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಇಂದು ನೇಕಾರನಿಗೂ ಸ್ಥಾನವಿಲ್ಲ.

2021ರಲ್ಲಿ ಸುಂಕ ಹೋದ ಮೇಲಾದರೂ ಕಥೆ ಮುಗಿಯಿತೇ? ಇಲ್ಲ. 2022ರ ಡಿಸೆಂಬರ್‌ನಲ್ಲಿ ಇಂಡೋನೇಷ್ಯಾದ ವಿಸ್ಕೋಸ್ ನಾರಿನ ಮೇಲೆ ಮತ್ತೆ ಸುಂಕ ಹೇರಬೇಕೆಂದು ನಿರ್ದೇಶನಾಲಯ ಶಿಫಾರಸು ಮಾಡಿತು. ಹಣಕಾಸು ಸಚಿವಾಲಯ ಅದನ್ನು ಒಪ್ಪಲಿಲ್ಲ. ಸಮಾಧಾನಪಡುವಷ್ಟರಲ್ಲಿಯೇ, 2023ರ ಮಾರ್ಚ್‌ನಲ್ಲಿ ಗುಣಮಟ್ಟ ನಿಯಂತ್ರಣ ಆದೇಶ ಜಾರಿಗೆ ಬಂತು. ಭಾರತೀಯ ಮಾನಕ ಬ್ಯೂರೋದ ಪರವಾನಿಗೆಯಿಲ್ಲದ ವಿದೇಶಿ ನಾರು ಒಳಬರುವಂತಿಲ್ಲವೆಂದಾಯಿತು. ಅದೇ ವರ್ಷ ಪಾಲಿಯೆಸ್ಟರ್ ನಾರು, ನೂಲುಗಳಿಗೂ ಇದೇ ಕಟ್ಟಳೆ ಬಂತು. ಹೆಸರು ಗುಣಮಟ್ಟದ್ದು, ಕೆಲಸ ಸುಂಕದ್ದು. ಮುಂಬಾಗಿಲಿನಿಂದ ಹೊರ ಹಾಕಿದ್ದನ್ನು ಹಿತ್ತಲ ಬಾಗಿಲಿನಿಂದ ಒಳಕ್ಕೆ ಕರೆದಂತೆ. ಸುಂಕಕ್ಕೆ ತನಿಖೆಯಾದರೂ ಬೇಕಿತ್ತು, ಇದಕ್ಕೆ ಅದೂ ಬೇಕಿರಲಿಲ್ಲ. ಜವಳಿ ಸಂಘಟನೆಗಳು ಎರಡೂವರೆ ವರ್ಷ ಮೊರೆಯಿಟ್ಟ ನಂತರ, 2025ರ ನವೆಂಬರ್‌ನಲ್ಲಿ ಈ ಆದೇಶಗಳನ್ನು ಸರಕಾರ ಹಿಂತೆಗೆದುಕೊಂಡಿತು. ಈ ಹತ್ತಾರು ವರ್ಷಗಳ ಹಗ್ಗ ಜಗ್ಗಾಟದಲ್ಲಿ ಮಗ್ಗ ಮಾರಿ ಬೇರೆ ಕೂಲಿ ಹುಡುಕಿಕೊಂಡವನಿಗೆ ಹಿಂತೆಗೆತದಿಂದ ಏನು ಬಂತು?

ಆದ್ದರಿಂದ ನಮ್ಮ ಬೇಡಿಕೆ ಸುಂಕದ ಪರವೂ ಅಲ್ಲ, ಚೀನಾದ ಪರವೂ ಅಲ್ಲ. ಯುರೋಪಿನ ಒಕ್ಕೂಟದಲ್ಲಿ ಇಂತಹ ಸುಂಕ ಹೇರುವ ಮುನ್ನ ಬಳಸುವ ಉದ್ಯಮಗಳ ಮತ್ತು ಬಳಕೆದಾರರ ಹಿತವನ್ನೂ ತೂಗಿ ನೋಡಬೇಕೆಂಬ ಕಾನೂನಿದೆ. ನಮ್ಮ ಕಾಯಿದೆಯಲ್ಲಿಯೂ ಅದು ಕಡ್ಡಾಯವಾಗಬೇಕು. ನಾರಿನ ತನಿಖೆಯೆಂದರೆ ನೂಲಿನ, ಮಗ್ಗದ, ಹೊಲಿಗೆಯ ನಷ್ಟದ ತನಿಖೆಯೂ ಆಗಬೇಕು. ಅದಕ್ಕಾಗಿ ಅಧಿಕಾರಿಗಳೇ ಮಗ್ಗದ ಊರುಗಳಿಗೆ ಬಂದು ಜನರ ಭಾಷೆಯಲ್ಲಿ ಅಹವಾಲು ಕೇಳಬೇಕು. ಅರ್ಜಿದಾರ ಒಬ್ಬನೇ ಉತ್ಪಾದಕನಾಗಿದ್ದರೆ ಸ್ಪರ್ಧಾ ಆಯೋಗದ ಅಭಿಪ್ರಾಯ ಪಡೆಯದೆ ಸುಂಕದ ಶಿಫಾರಸು ಆಗಕೂಡದು. ಚಿಲ್ಲರೆ ಮಾರಾಟದ ಶರತ್ತನ್ನು ಕಿತ್ತು ಹಾಕಿ ಬಳಕೆದಾರನ ಬಾಯಿಗೆ ಹಾಕಿದ ಬೀಗ ತೆಗೆಯಬೇಕು.

ಜವಳಿ ಪಟ್ಟಣಗಳ ನಮ್ಮ ಸಂಘಟನೆಗಳಿಗೂ ಒಂದು ಮಾತಿದೆ. ಮಗ್ಗ ನಿಂತಾಗ ಅಕ್ಕಿಯ ಚೀಲ ಹಂಚುವುದು ಒಳ್ಳೆಯದೇ. ಆದರೆ ಮಗ್ಗವನ್ನು ನಿಲ್ಲಿಸಿದ ಅಧಿಸೂಚನೆಯನ್ನು ಓದಬಲ್ಲ ನಾಲ್ಕು ಜನರನ್ನು ತಯಾರು ಮಾಡುವುದು ಅದಕ್ಕಿಂತಲೂ ತುರ್ತಿನ ಕೆಲಸ. ನಾರಿನ ಧಣಿ ಮುಂದಿನ ಅರ್ಜಿಯನ್ನು ಸಲ್ಲಿಸುವ ದಿನ, ಆ ಕಡತದಲ್ಲಿ ನೇಕಾರನ ಒಂದು ಕಾಗದವಾದರೂ ಇರಲಿ.