ಸೀಮಿತ ಬಿಯರ್: ಮೊದಲ ಪಾಲು ಊರಿಗೋ, ದೂರದೂರಿಗೋ?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾಂಟಾ ರೋಸಾ ಪಟ್ಟಣದಲ್ಲಿ ವರ್ಷಕ್ಕೊಮ್ಮೆ ಎರಡು ವಾರಗಳ ಕಾಲ ಪಬ್ಬೊಂದರ ಮುಂದೆ ಉದ್ದನೆಯ ಸರತಿ ಸಾಲು ನಿಲ್ಲುತ್ತದೆ. ರಷ್ಯನ್ ರಿವರ್ ಎಂಬ ಬ್ರೂವರಿ 2005ರಲ್ಲಿ ಮೊದಲ ಬಾರಿಗೆ ತಯಾರಿಸಿದ 'ಪ್ಲಿನಿ ದ ಯಂಗರ್' ಬಿಯರಿಗಾಗಿ ಜನ ಗಂಟೆಗಟ್ಟಲೆ ಕಾಯುತ್ತಾರೆ. ಬೇರೆ ರಾಜ್ಯಗಳಿಂದ ವಿಮಾನವೇರಿ ಬರುವವರೂ ಉಂಟು. 2020ರಲ್ಲಿ ಈ ಎರಡು ವಾರಗಳಿಂದ ಸೊನೋಮಾ ಕೌಂಟಿಗೆ 50 ಲಕ್ಷ ಡಾಲರ್‌ಗೂ ಹೆಚ್ಚಿನ ಆರ್ಥಿಕ ಲಾಭವಾಯಿತೆಂದು ಅಲ್ಲಿನ ಆಡಳಿತ ಅಂದಾಜು ಮಾಡಿತ್ತು. ಬ್ರೂವರಿ ತನ್ನ ಬಿಯರನ್ನು ದೂರದೂರಿಗೆ ಧಾರಾಳವಾಗಿ ಕಳುಹಿಸಿದ್ದರೆ ಈ ಸಾಲೂ ಇರುತ್ತಿರಲಿಲ್ಲ, ಈ ಲಾಭವೂ ಇರುತ್ತಿರಲಿಲ್ಲ.

ಕ್ರಾಫ್ಟ್ ಬಿಯರ್ ಉದ್ಯಮದ ಹಳೆಯ ಪ್ರಶ್ನೆಯೊಂದು ಈ ಸಾಲಿನಲ್ಲಿ ಅಡಗಿದೆ. ತಯಾರಾಗುವ ಸರಕೇ ಸ್ವಲ್ಪ. ಕೇಳುವವರು ಎಲ್ಲೆಡೆ ಇದ್ದಾರೆ. ಹೆಸರಿಲ್ಲದ ದಿನಗಳಿಂದಲೂ ಬ್ರೂವರಿಯನ್ನು ಉಳಿಸಿಕೊಂಡು ಬಂದವರು ಊರಿನ ಗಿರಾಕಿಗಳು. ಹೆಸರನ್ನು ಮಾರುಕಟ್ಟೆಯಾಗಿ ಪರಿವರ್ತಿಸುವವರು ಹೊರಗಿನವರು. ಹೀಗಿರುವಾಗ ಮೊದಲ ಪಾಲು ಯಾರಿಗೆ ಸಲ್ಲಬೇಕು?

ಬಾಳಿಕೆಯ ಲೆಕ್ಕ

ಈ ಪ್ರಶ್ನೆಗೆ ಮೊದಲ ಉತ್ತರ ಬಿಯರಿನ ಗುಣದಲ್ಲೇ ಇದೆ. ಹಾಪ್ಸ್ ಹೂವಿನ ಪರಿಮಳವೇ ಜೀವಾಳವಾಗಿರುವ ಇಂಡಿಯಾ ಪೇಲ್ ಏಲ್ ಬಗೆಯ ಬಿಯರುಗಳು ವಾರಗಳು ಉರುಳಿದಂತೆ ಕಳೆಗುಂದುತ್ತವೆ. ಶಾಖ ಮತ್ತು ಬೆಳಕು ಈ ಸವಕಳಿಯನ್ನು ಇನ್ನಷ್ಟು ಬೇಗಗೊಳಿಸುತ್ತವೆ. ದೂರದ ಗೋದಾಮಿನಲ್ಲಿ ಕುಳಿತು ಹಳತಾದ ಬಾಟಲಿಯಿಂದ ಕೆಡುವುದು ಬ್ರೂವರಿಯ ಹೆಸರೇ ಹೊರತು ಅಂಗಡಿಯವನದಲ್ಲ. ಕ್ಯಾಲಿಫೋರ್ನಿಯಾದ ಸ್ಟೋನ್ ಬ್ರೂವರಿ 2012ರಲ್ಲಿ ಇದಕ್ಕೊಂದು ಉಪಾಯ ಹೂಡಿತು. 'ಎಂಜಾಯ್ ಬೈ' ಎಂಬ ಹೆಸರಿನಲ್ಲಿ ಹೊರತಂದ ಬಿಯರನ್ನು 37 ದಿನಗಳೊಳಗೆ ಕುಡಿದು ಮುಗಿಸಬೇಕೆಂದು ಗಡುವಿನ ದಿನಾಂಕವನ್ನೇ ಲೇಬಲ್ಲಿನ ಮೇಲೆ ದೊಡ್ಡದಾಗಿ ಮುದ್ರಿಸಿ, ಆಯ್ದ ಮಾರುಕಟ್ಟೆಗಳಿಗೆ ಕಳುಹಿಸಿತು.

ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಹಣ್ಣಾಗುವ ಗಾಢವಾದ ಸ್ಟೌಟ್ ಬಿಯರಿನ ಕಥೆಯೇ ಬೇರೆ. ಅದು ಪ್ರಯಾಣವನ್ನೂ ಕಾಯುವಿಕೆಯನ್ನೂ ತಾಳಿಕೊಳ್ಳುತ್ತದೆ. ಶಿಕಾಗೋದ ಗೂಸ್ ಐಲೆಂಡ್ ಬ್ರೂವರಿ ತನ್ನ 'ಬೂರ್ಬನ್ ಕೌಂಟಿ' ಸ್ಟೌಟನ್ನು ಪ್ರತಿವರ್ಷ ನವೆಂಬರ್ ಕೊನೆಯಲ್ಲಿ ದೇಶದಾದ್ಯಂತ ಬಿಡುಗಡೆ ಮಾಡುತ್ತಾ ಬಂದಿದೆ. 2011ರಲ್ಲಿ ಈ ಬ್ರೂವರಿ ಬೃಹತ್ ಕಂಪನಿ ಆನ್‌ಹೈಸರ್ ಬುಷ್‌ನ ವಶವಾದಾಗ ಊರಿನ ಅಭಿಮಾನಿಗಳಲ್ಲಿ ಅಸಮಾಧಾನ ಮೂಡಿತ್ತು. ಎರಡು ವರ್ಷಗಳ ಬಳಿಕ, 2013ರಲ್ಲಿ, ಅದೇ ಸ್ಟೌಟಿನ 'ಪ್ರೊಪ್ರೈಟರ್ಸ್' ಎಂಬ ವಿಶೇಷ ರೂಪವನ್ನು ಕಂಪನಿ ಶಿಕಾಗೋಗೆ ಮಾತ್ರ ಮೀಸಲಿಟ್ಟಿತು. ಮೂಲ ಬಿಯರ್ ದೇಶಕ್ಕೆ, ವಿಶೇಷ ಬಿಯರ್ ಊರಿಗೆ ಎಂಬ ಈ ಹಂಚಿಕೆಯಲ್ಲಿ ವ್ಯಾಪಾರವೂ ಇದೆ, ಊರಿನ ಋಣವನ್ನು ಒಪ್ಪಿಕೊಂಡ ಸೌಜನ್ಯವೂ ಇದೆ.

ದೂರದ ಮಾರುಕಟ್ಟೆಯ ಬೆಲೆ

ಎರಡನೆಯ ಉತ್ತರ ಹಣ ಮತ್ತು ಕಾನೂನಿನದು. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ರದ್ದಾದ ಮೇಲೆ ಮದ್ಯ ನಿಯಂತ್ರಣದ ಅಧಿಕಾರ ಬಹುಮಟ್ಟಿಗೆ ರಾಜ್ಯಗಳ ಕೈಸೇರಿತು. ತಯಾರಕ, ವಿತರಕ, ಅಂಗಡಿ ಎಂಬ ಮೂರು ಮೆಟ್ಟಿಲುಗಳ ವ್ಯವಸ್ಥೆ ಬೇರೂರಿತು. ಸ್ವಂತ ಪಬ್ಬಿನಲ್ಲಿ ಲೋಟಕ್ಕೆ ಸುರಿದು ಮಾರಿದರೆ ಲಾಭವೆಲ್ಲ ಬ್ರೂವರಿಗೆ. ಹೊರರಾಜ್ಯಕ್ಕೆ ಕಳುಹಿಸಿದರೆ ವಿತರಕ ಮತ್ತು ಅಂಗಡಿ ಇಬ್ಬರಿಗೂ ಪಾಲು. ಹಲವು ರಾಜ್ಯಗಳಲ್ಲಿ ವಿತರಕನೊಂದಿಗಿನ ಒಪ್ಪಂದವನ್ನು ಕಡಿದುಕೊಳ್ಳುವುದೂ ಸುಲಭವಲ್ಲ.

ಹಾಗಿದ್ದರೂ ವಿರಳ ಬಿಯರುಗಳು ದೂರ ಹೋಗುವುದೇಕೆ? ಅವು ಅಲ್ಲಿ ಕೇವಲ ಸರಕಲ್ಲ, ಜಾಹೀರಾತು. ವರ್ಷವಿಡೀ ಬ್ರೂವರಿಯ ಸಾಮಾನ್ಯ ಬಿಯರನ್ನು ಚೆನ್ನಾಗಿ ಮಾರಿದ ಅಂಗಡಿಗೆ ವಿಶೇಷ ಬಿಯರಿನ ನಾಲ್ಕು ಬಾಟಲಿ ಹೆಚ್ಚು ಸಿಗುತ್ತದೆ ಎಂಬುದು ಈ ವ್ಯಾಪಾರದಲ್ಲಿ ಎಲ್ಲರೂ ಬಲ್ಲ ಸಂಗತಿ. ನೂರು ಬಾಟಲಿ ಬೇಡುವ ಪೇಟೆಗೆ ಹತ್ತು ಕಳುಹಿಸಿದರೆ ಹೆಸರು ಉಳಿಯುತ್ತದೆ, ಬಾಗಿಲೂ ತೆರೆದಿರುತ್ತದೆ.

ಆದರೆ ತೆರೆದ ಬಾಗಿಲುಗಳೆಲ್ಲದರೊಳಗೂ ನುಗ್ಗಿದವರ ಗತಿ ಎಚ್ಚರಿಕೆಯ ಪಾಠವಾಗಿದೆ. ಸ್ಯಾನ್ ಡಿಯಾಗೋದ ಗ್ರೀನ್ ಫ್ಲ್ಯಾಶ್ ಬ್ರೂವರಿ ದೇಶದ ಉದ್ದಗಲಕ್ಕೂ ಹಬ್ಬಿ, 2016ರಲ್ಲಿ ಪೂರ್ವ ಕರಾವಳಿಯ ವರ್ಜೀನಿಯಾದಲ್ಲಿ ಎರಡನೆಯ ಘಟಕ ತೆರೆಯಿತು. 2018ರ ಆರಂಭದಲ್ಲಿ 30ಕ್ಕೂ ಹೆಚ್ಚು ರಾಜ್ಯಗಳಿಂದ ಕಾಲ್ತೆಗೆಯಬೇಕಾಯಿತು. ಕೆಲವೇ ತಿಂಗಳಲ್ಲಿ ವರ್ಜೀನಿಯಾ ಘಟಕ ಮುಚ್ಚಿತು, ಕಂಪನಿಯೇ ಸಾಲಗಾರರ ಪಾಲಾಯಿತು. ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ವಿಸ್ಕಾನ್ಸಿನ್ ರಾಜ್ಯದ ನ್ಯೂ ಗ್ಲೇರಸ್ ಬ್ರೂವರಿ. 1993ರಲ್ಲಿ ಆರಂಭವಾದ ಈ ಸಂಸ್ಥೆ ತವರಿನ ಬೇಡಿಕೆಯನ್ನೇ ಪೂರೈಸಲಾಗದೆ ನೆರೆಯ ಇಲಿನಾಯ್ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಆ ಬಳಿಕ ತನ್ನ ರಾಜ್ಯದೊಳಗಷ್ಟೇ ಮಾರಿ ಅಮೆರಿಕದ ದೊಡ್ಡ ಕ್ರಾಫ್ಟ್ ಬ್ರೂವರಿಗಳ ಸಾಲಿಗೆ ಸೇರಿತು.

ಊರಿಗೆ ಮೀಸಲಿಟ್ಟರೆ ಸಾಕೇ?

ಹಾಗೆಂದು ಊರಿನಲ್ಲೇ ಮಾರಿದ ಮಾತ್ರಕ್ಕೆ ಊರಿನವರಿಗೆ ಸಿಗುತ್ತದೆಂಬ ಖಾತ್ರಿಯಿಲ್ಲ. ವರ್ಮಾಂಟ್ ರಾಜ್ಯದ ವಾಟರ್‌ಬರಿ ಎಂಬ ಪುಟ್ಟ ಪಟ್ಟಣದ 'ದ ಆಲ್ಕೆಮಿಸ್ಟ್' ಪಬ್ 2011ರ ಆಗಸ್ಟ್‌ನಲ್ಲಿ ಐರೀನ್ ಚಂಡಮಾರುತದ ನೆರೆಗೆ ಸಿಕ್ಕು ನಾಶವಾಯಿತು. ಅದೇ ದಿನಗಳಲ್ಲಿ ಆರಂಭವಾದ ಹೊಸ ಘಟಕದಿಂದ 'ಹೆಡಿ ಟಾಪರ್' ಬಿಯರ್ ಡಬ್ಬಿಗಳಲ್ಲಿ ಹೊರಬರತೊಡಗಿತು. ಮಾರಾಟ ಸುತ್ತಮುತ್ತಲ ಊರುಗಳಿಗಷ್ಟೇ ಸೀಮಿತವಾಗಿತ್ತು. ಫಲಿತಾಂಶವಾಗಿ ದೂರದೂರುಗಳ ಕಾರುಗಳೇ ವಾಟರ್‌ಬರಿಗೆ ಬಂದವು. ವಾಹನ ದಟ್ಟಣೆಗೆ ನೆರೆಹೊರೆಯವರು ಬೇಸತ್ತ ಕಾರಣ 2013ರಲ್ಲಿ ಬ್ರೂವರಿ ತನ್ನ ಮಳಿಗೆಯನ್ನೇ ಮುಚ್ಚಿತು. 2016ರಲ್ಲಿ ಸಮೀಪದ ಸ್ಟೋವ್‌ನಲ್ಲಿ ವಿಶಾಲವಾದ ಹೊಸ ಘಟಕ ತೆರೆಯುವವರೆಗೆ ಈ ಬಿಕ್ಕಟ್ಟು ಪೂರ್ತಿ ಬಗೆಹರಿಯಲಿಲ್ಲ. ಸರಕು ದೂರ ಹೋಗದಿದ್ದರೆ ದೂರವೇ ಸರಕಿನ ಬಳಿಗೆ ಬರುತ್ತದೆ. ಬಂದವರಲ್ಲಿ ಕೆಲವರು ಕುಡಿಯಲು ಕೊಂಡರೆ, ಕೆಲವರು ಹಲವು ಪಟ್ಟು ಬೆಲೆಗೆ ಮರುಮಾರಾಟ ಮಾಡಲು ಕೊಳ್ಳುತ್ತಾರೆ.

ಈ ಕಾಳಸಂತೆಯ ವಿರುದ್ಧ ಅತ್ಯಂತ ಕಟ್ಟುನಿಟ್ಟಾಗಿ ನಿಂತವರು ಬೆಲ್ಜಿಯಂ ದೇಶದ ವೆಸ್ಟ್‌ವ್ಲೆಟರೆನ್‌ನ ಸೇಂಟ್ ಸಿಕ್ಸ್ಟಸ್ ಮಠದ ಸನ್ಯಾಸಿಗಳು. ಮಠದ ಖರ್ಚಿಗೆ ಬೇಕಾದಷ್ಟೇ ತಯಾರಿಸುವುದು ಅವರ ವ್ರತ. ದೂರವಾಣಿಯಲ್ಲಿ ಮೊದಲೇ ಕಾಯ್ದಿರಿಸಿ, ಕಾರಿನ ನಂಬರು ಕೊಟ್ಟು, ಗೊತ್ತಾದ ದಿನ ಮಠದ ಬಾಗಿಲಿಗೆ ಬಂದವರಿಗೆ ಮಾತ್ರ ಕ್ರೇಟುಗಳು ಸಿಗುತ್ತಿದ್ದವು. ಮರುಮಾರಾಟ ಮಾಡುವುದಿಲ್ಲವೆಂಬ ಮಾತನ್ನೂ ಕೊಡಬೇಕಿತ್ತು. ಈ ನಿಯಮ ಸಡಿಲಿದ್ದೂ ಉಂಟು. ಮಠದ ಕಟ್ಟಡಗಳ ನವೀಕರಣಕ್ಕೆ ಹಣ ಬೇಕಾದಾಗ, 2012ರಲ್ಲಿ, ಉಡುಗೊರೆ ಪೆಟ್ಟಿಗೆಗಳಲ್ಲಿ ಬಿಯರ್ ಅಮೆರಿಕದ ಅಂಗಡಿಗಳಿಗೂ ಹೋಯಿತು. 2018ರಲ್ಲಿ ಹಾಲೆಂಡಿನ ಸೂಪರ್ ಮಾರ್ಕೆಟ್ ಸರಣಿಯೊಂದು ಮಠದ ಅನುಮತಿಯಿಲ್ಲದೆ ಬಾಟಲಿಗೆ ಸುಮಾರು 10 ಯೂರೋ ದರದಲ್ಲಿ ಇದನ್ನು ಮಾರಿತು. ಆಗ ಮಠದಲ್ಲಿ ಅದರ ಬೆಲೆ 2 ಯೂರೋಗಿಂತಲೂ ಕಡಿಮೆಯಿತ್ತು. ಮಠ ಬಹಿರಂಗವಾಗಿ ಆಕ್ಷೇಪಿಸಿತು. 2019ರಲ್ಲಿ ಸನ್ಯಾಸಿಗಳು ದೂರವಾಣಿಯ ಬದಲು ಅಂತರಜಾಲದಲ್ಲಿ ನೋಂದಣಿ ಆರಂಭಿಸಿದರು. ಬಹಳ ದಿನಗಳಿಂದ ಕೊಳ್ಳದವರಿಗೆ ಅಲ್ಲಿ ಆದ್ಯತೆ ಕೊಡಲಾಯಿತು.

ಕರ್ನಾಟಕದಲ್ಲಿ ಪ್ರಶ್ನೆಯೇ ಬೇರೆ

ಬೆಂಗಳೂರಿನ ಪಬ್ಬುಗಳಲ್ಲಿ ಬೇಸಿಗೆಗೆ ಮಾವಿನ ಬಿಯರ್, ಮತ್ತೊಮ್ಮೆ ಕೊಡಗಿನ ಕಾಫಿಯ ಸ್ಟೌಟ್ ಎಂದು ಸೀಮಿತ ಬಿಯರುಗಳು ಬರುವುದು ಹೊಸತಲ್ಲ. ಆದರೆ ಅವು ಮೈಸೂರಿಗೋ ಹುಬ್ಬಳ್ಳಿಗೋ ಬಾಟಲಿಯಲ್ಲಿ ಬರುವುದಿಲ್ಲ. ಸಂವಿಧಾನದ ಏಳನೆಯ ಅನುಸೂಚಿಯಂತೆ ಮದ್ಯ ರಾಜ್ಯಪಟ್ಟಿಯ ವಿಷಯ. ಕರ್ನಾಟಕದಲ್ಲಿ ಮೈಕ್ರೋಬ್ರೂವರಿಗಳಿಗೆ ಅವಕಾಶ ಕೊಟ್ಟ ನಿಯಮಗಳು, ತಯಾರಿಸಿದ ಸ್ಥಳದಲ್ಲೇ ಲೋಟಕ್ಕೆ ಸುರಿದು ಮಾರುವ ಕಲ್ಪನೆಯ ಮೇಲೆ ರೂಪುಗೊಂಡವು. 2020ರ ಲಾಕ್‌ಡೌನ್ ಕಾಲದಲ್ಲಿ ಟ್ಯಾಂಕುಗಳಲ್ಲಿದ್ದ ಬಿಯರ್ ಹಾಳಾಗುವ ಸ್ಥಿತಿ ಬಂದಾಗ ಪಾರ್ಸೆಲ್ ಒಯ್ಯಲು ಕೊಟ್ಟ ಅನುಮತಿ ತಾತ್ಕಾಲಿಕ ವಿನಾಯಿತಿಯಾಗಿತ್ತು. ಹೀಗಾಗಿ ಬೆಳೆಯಬಯಸುವ ಬ್ರೂವರಿ ಬಿಯರಿನ ಬದಲು ಪಾಕವಿಧಾನವನ್ನೇ ಹೊತ್ತೊಯ್ಯಬೇಕಾಗುತ್ತದೆ. ಬೆಂಗಳೂರಿನ ಟಾಯ್ಟ್ ಸಂಸ್ಥೆ ಮುಂಬೈ ಮತ್ತು ಪುಣೆಯಲ್ಲಿ ಪಬ್ಬುಗಳನ್ನು ತೆರೆದದ್ದು ಇದೇ ಜಾಡಿನಲ್ಲಿ.

ಅಮೆರಿಕದಲ್ಲಿ ಬ್ರೂವರಿ ತಾನೇ ಮಾಡುವ ಆಯ್ಕೆಯನ್ನು ಇಲ್ಲಿ ಅಬಕಾರಿ ನಿಯಮ ಮಾಡಿ ಮುಗಿಸಿದೆ. ಇದರಿಂದ ಗಿರಾಕಿಗೆ ತಾಜಾ ಬಿಯರ್ ಸಿಗುತ್ತದೆ ಎಂಬುದು ನಿಜ. ರಾಜಧಾನಿಯ ಹೊರಗಿನ ಗಿರಾಕಿಗೆ ಅದು ಸಿಗುವುದೇ ಇಲ್ಲ ಎಂಬುದೂ ಅಷ್ಟೇ ನಿಜ. ಬಾಟಲಿಗೆ ಅವಕಾಶ ಕೊಡಬೇಕೆಂಬ ಬೇಡಿಕೆ ಮುಂದಿಡುವವರು ಅಮೆರಿಕದ ಅನುಭವದ ಎರಡೂ ಮುಖಗಳನ್ನು ನೋಡಬೇಕಾಗುತ್ತದೆ. ಅಲ್ಲಿ 2024ರಲ್ಲಿ ಹೊಸದಾಗಿ ತೆರೆದ ಬ್ರೂವರಿಗಳಿಗಿಂತ ಮುಚ್ಚಿದವುಗಳ ಸಂಖ್ಯೆಯೇ ಹೆಚ್ಚು. ಇಂಥ ಇಳಿಗಾಲದಲ್ಲಿ ದೂರದ ಪೇಟೆ ಮೊದಲು ಕೈಬಿಡುತ್ತದೆ. ವಾರಕ್ಕೊಮ್ಮೆ ಬಂದು ಅದೇ ಮೇಜಿನಲ್ಲಿ ಕೂರುವ ಊರಿನ ಗಿರಾಕಿ ಕೊನೆಯವರೆಗೂ ಉಳಿಯುತ್ತಾನೆ. ದೂರಕ್ಕೆ ಏನನ್ನು ಕಳುಹಿಸಬೇಕೆಂದು ತೀರ್ಮಾನಿಸುವ ಮುನ್ನ ಅವನ ಪಾಲು ಅವನ ಕೈಗೇ ತಲುಪುತ್ತಿದೆಯೇ ಎಂದು ನೋಡಿಕೊಳ್ಳುವುದು ಬ್ರೂವರಿಗಳಿಗೆ ಕ್ಷೇಮ.