ದ್ವೇಷದ ದಲ್ಲಾಳಿಗಳು

1946ರಲ್ಲಿ ಅಮೆರಿಕೆಯ ರೇಡಿಯೋ ಮಕ್ಕಳಿಗಾಗಿ 16 ಕಂತುಗಳ ಕಥೆಯೊಂದನ್ನು ಬಿತ್ತರಿಸಿತು. ನಾಯಕ ಸೂಪರ್‌ಮ್ಯಾನ್, ಗಗನದಲ್ಲಿ ಹಾರಬಲ್ಲ ಮಹಾಬಲ. ಚೀನೀ ಮೂಲದ ಟಾಮಿ ಲೀ ಬೇಸ್‌ಬಾಲ್ ತಂಡದಲ್ಲಿ ಬಿಳಿಯ ಹುಡುಗನೊಬ್ಬನ ಸ್ಥಾನ ಪಡೆದ. ಅಷ್ಟಕ್ಕೇ ಮುಸುಕುಧಾರಿಗಳ ಗುಂಪು ಲೀ ಕುಟುಂಬದ ಮನೆಯೆದುರು ಶಿಲುಬೆ ಸುಟ್ಟಿತು. ಹುಡುಗರ ಮುನಿಸು ಸಂಜೆಗೆ ಆರುವುದೆಂದು ಮೇಷ್ಟರಾಗಿದ್ದವರೆಲ್ಲ ಬಲ್ಲರು. ಆರಗೊಡದವರು ಹಿರಿಯರು. ಇಲ್ಲಿಯೂ ಆ ಬಿಳಿಯ ಹುಡುಗನ ಬಂಧುವೇ ಗುಂಪಿನ ಮುಖಂಡ. ಸೋತ ಮೇಲೆ ಅವನು ಮಹಾನಾಯಕನ ಬಳಿಗೆ ಓಡಿದಾಗ ಸಿಕ್ಕ ಉತ್ತರವೇನು? ಜನಾಂಗಶುದ್ಧಿಯ ಮಾತನ್ನು ನಂಬಿದವನು ಮೂಢ, ಇದು ಬರಿಯ ವ್ಯಾಪಾರ ಎಂದು!

ಇದು ಕಟ್ಟುಕಥೆಯಲ್ಲ. 1920ರ ದಶಕದಲ್ಲಿ ಕು ಕ್ಲಕ್ಸ್ ಕ್ಲಾನ್ ಹೊಸ ಸದಸ್ಯನಿಂದ 10 ಡಾಲರ್ ಪ್ರವೇಶಶುಲ್ಕ ಪಡೆಯುತ್ತಿತ್ತು. ಅದರಲ್ಲಿ 4 ಡಾಲರ್ ಅವನನ್ನು ಕರೆತಂದ ದಲ್ಲಾಳಿಯ ಕಿಸೆಗೆ. ನಿಲುವಂಗಿಯ ದುಡ್ಡು ಬೇರೆ.

2019ರಲ್ಲಿ ಜೀನ್ ಲುಯೆನ್ ಯಾಂಗ್ ಇದೇ ಕಥೆಯನ್ನು ಚಿತ್ರಪುಸ್ತಕವಾಗಿ ಬರೆದರು. ಅಲ್ಲಿ ತಾನು ಹೊರಗಿನವನೆಂಬ ಗುಟ್ಟಿಗೆ ಅಂಜುವವನು ಅನ್ಯಗ್ರಹದ ಸೂಪರ್‌ಮ್ಯಾನನೇ.

ಆದರೆ 1882ರಲ್ಲಿ ಚೀನೀ ಕಾರ್ಮಿಕರಿಗೆ ಬಾಗಿಲು ಮುಚ್ಚಿದವರು ಮುಸುಕುಧಾರಿಗಳಲ್ಲ, ಮುಸುಕಿಲ್ಲದ ಶಾಸಕರು. ಯುದ್ಧದಲ್ಲಿ ಚೀನಾದ ಸ್ನೇಹ ಬೇಕಾದಾಗ, 1943ರಲ್ಲಿ, ಬಾಗಿಲು ತೆರೆದರು. ಅದೂ ವರ್ಷಕ್ಕೆ 105 ಜನರಿಗೆ.