ವಿಧವೆಗೆ ಹಾಕಿದ ಷರತ್ತು

ವಾಷಿಂಗ್ಟನ್ ನಗರದ ನಡುವೆ ಕೆಂಪು ಇಟ್ಟಿಗೆಯ ಭಾರಿ ಕಟ್ಟಡವೊಂದಿದೆ. ಈಗ ಅದು ಮ್ಯೂಸಿಯಂ. 1887ರಲ್ಲಿ ಕಟ್ಟಿ ಮುಗಿಸಿದ್ದು ಪಿಂಚಣಿ ಕಚೇರಿಗೆಂದು. ಹೊರಗೋಡೆಯ ಸುತ್ತ 1,200 ಅಡಿ ಉದ್ದಕ್ಕೆ ಸುಟ್ಟಮಣ್ಣಿನ ಸೈನಿಕರು ಸಾಲಾಗಿ ನಡೆದಿದ್ದಾರೆ. ಅವರ ವಿಧವೆಯರು ಇದ್ದದ್ದು ಒಳಗಿನ ಕಡತಗಳಲ್ಲಿ.

ಅಂತರ್ಯುದ್ಧದ ನಡುವೆ, 1862ರಲ್ಲಿ ಬಂದ ಕಾನೂನು ಸಾಮಾನ್ಯ ಸಿಪಾಯಿಯ ವಿಧವೆಗೆ ತಿಂಗಳಿಗೆ 8 ಡಾಲರ್ ಗೊತ್ತುಮಾಡಿತು. ಅದನ್ನು ಪಡೆಯಲು ಮದುವೆಯ ಪುರಾವೆ ಬೇಕಿತ್ತು. ಕೆರೊಲೈನಾ, ಜಾರ್ಜಿಯಾಗಳ ಕಪ್ಪು ಹೆಂಗಸರು ಅದನ್ನು ಎಲ್ಲಿಂದ ತರಬೇಕು? ಗುಲಾಮರ ಮದುವೆಯನ್ನು ಅಲ್ಲಿನ ಕಾನೂನು ಒಪ್ಪಿಯೇ ಇರಲಿಲ್ಲ. ಗಂಡಂದಿರು ಉತ್ತರದ ಸೇನೆ ಸೇರಿ ಪ್ರಾಣ ಕೊಟ್ಟಿದ್ದರು. 1864ರಿಂದ ಸಂಸತ್ತು ಸಾಕ್ಷಿಗಳ ಹೇಳಿಕೆ ಸಾಕೆಂದಿತು. ಅದು ದೊಡ್ಡ ಮಾತೇ. ಆದರೆ ಬೆನ್ನಿಗೇ ತನಿಖೆಯವರು ಬಂದರು. ಈಕೆ ಯಾರೊಡನೆ ಬಾಳಿದಳು, ಈಗ ಮನೆಗೆ ಯಾರು ಬಂದುಹೋಗುತ್ತಾರೆ ಎಂದು ನೆರೆಹೊರೆಯವರನ್ನು, ಕೆಲವೊಮ್ಮೆ ಹಳೆಯ ಒಡೆಯನನ್ನೇ ಕೇಳಿ ಬರೆದುಕೊಂಡರು. ಇನ್ನೊಬ್ಬನೊಡನೆ ಮದುವೆಯಿಲ್ಲದೆ ಸಂಸಾರ ಹೂಡಿದ್ದು ಕಂಡರೆ ಪಿಂಚಣಿ ನಿಲ್ಲಿಸಿ ಎಂದು 1882ರ ಕಾನೂನು ಬಾಯಿಬಿಟ್ಟೇ ಹೇಳಿತು.

ಆ ಕಾಲ ಮುಗಿಯಿತು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಇಂದು ನಾರ್ತ್ ಕೆರೊಲೈನಾದ ಫೋರ್ಟ್ ಬ್ರ್ಯಾಗ್‌ನಿಂದ ಯುದ್ಧಕ್ಕೆ ಹೋಗಿ ಮಡಿದವನ ಹೆಂಡತಿಗೆ ಸಿಗುವ ಮೂಲ ಪರಿಹಾರ, 2025ರ ದರದಲ್ಲಿ, ತಿಂಗಳಿಗೆ ಸುಮಾರು 1,653 ಡಾಲರ್. 55 ತುಂಬುವ ಮೊದಲು ಮರುಮದುವೆಯಾದರೆ ಅದು ನಿಲ್ಲುತ್ತದೆ. ಇಪ್ಪತ್ತೈದರಲ್ಲಿ ಗಂಡನನ್ನು ಕಳೆದುಕೊಂಡವಳು, ಎಳೆಮಕ್ಕಳ ತಾಯಿ, ಮೂವತ್ತು ವರ್ಷ ಕಾಯಬೇಕೇ?

ಇನ್ನೊಂದು ಅನ್ಯಾಯವಿತ್ತು. 1972ರ ಯೋಜನೆಯಲ್ಲಿ ಸೈನಿಕ ತನ್ನ ನಿವೃತ್ತಿ ವೇತನದಿಂದಲೇ ಕಂತು ಕಟ್ಟಿ ಹೆಂಡತಿಗೆಂದು ಪಿಂಚಣಿ ಮಾಡಿಟ್ಟರೂ, ಪರಿಹಾರ ಕೊಟ್ಟಷ್ಟನ್ನು ಸರ್ಕಾರ ಆ ಪಿಂಚಣಿಯಲ್ಲಿ ಮುರಿದುಕೊಳ್ಳುತ್ತಿತ್ತು. ಹೆಂಗಸರು ಅದನ್ನು ವಿಧವೆಯ ತೆರಿಗೆ ಎಂದೇ ಕರೆದರು. ಗೋಲ್ಡ್ ಸ್ಟಾರ್ ವೈವ್ಸ್ ಎಂಬ, 1945ರಲ್ಲಿ ವಿಧವೆಯರೇ ಕಟ್ಟಿಕೊಂಡ ಸಂಘ ಇದಕ್ಕಾಗಿ ವರ್ಷಗಟ್ಟಲೆ ಸಂಸತ್ತಿಗೆ ಅಲೆಯಿತು. 2019ರ ಡಿಸೆಂಬರಿನಲ್ಲಿ ಕಾನೂನು ಬದಲಾಯಿತು. ಕಡಿತ ಪೂರ್ತಿ ನಿಂತದ್ದು 2023ರಲ್ಲಿ. ಅಷ್ಟರಲ್ಲಿ ತೀರಿಕೊಂಡವರಿಗೆ ಪೂರ್ತಿ ಪಿಂಚಣಿ ಸಿಗಲೇ ಇಲ್ಲ.

ಕಾದಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಬಿಟ್ಟದ್ದನ್ನು ನಮ್ಮ ಶಾಸನಗಳು ಹೇಳುತ್ತವೆ. ಹಾಗೆಂದು ನಾವು ಬೀಗುವಂತಿಲ್ಲ: ವೀರಗಲ್ಲು ನೆಟ್ಟ ನಾಡೇ ಮಾಸ್ತಿಕಲ್ಲನ್ನೂ ನೆಟ್ಟಿತು. ತೀರಿಕೊಂಡ ಗಂಡನ ಶೌರ್ಯ ಪದಕದ ಭತ್ಯೆ ಮರುಮದುವೆಯ ನಂತರವೂ ಬರಬೇಕಾದರೆ ಆಕೆ ಗಂಡನ ಅಣ್ಣನನ್ನೋ ತಮ್ಮನನ್ನೋ ವರಿಸಬೇಕೆಂಬ ಷರತ್ತನ್ನು ಭಾರತ ಸರ್ಕಾರ ತೆಗೆದುಹಾಕಿದ್ದು 2017ರಲ್ಲಷ್ಟೇ.

ಅಮೆರಿಕದಲ್ಲೂ ಆ 55ರ ಗೆರೆ ಅಳಿಸುವ ಮಸೂದೆ ಮತ್ತೆಮತ್ತೆ ಸಂಸತ್ತಿನ ಮುಂದೆ ಬಂದಿದೆ. ಖಜಾನೆಯ ಹೊರೆ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಯುದ್ಧದಲ್ಲಿ ಕಾಲು ಕಳೆದುಕೊಂಡು ಬಂದ ಸೈನಿಕ ಮತ್ತೆ ಮದುವೆಯಾದರೆ ಅವನ ಪರಿಹಾರವನ್ನು ಯಾರೂ ನಿಲ್ಲಿಸುವುದಿಲ್ಲ.